ಮೇಲಿನ ಚೌಕ, ಕೆಳಗಿನ ಚೌಕ

ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಕೇಶರಬಾಯಿ ಲೋಬಾನದ ಹೊಗೆ ಮೂಗಿಗೆ ಬಡಿದದ್ದೇ ಹಾಗೇ ನಿಂತಳು. ಬೀದರಿನಲ್ಲಿ ಅವಳು ಚಿಕ್ಕವಳಿದ್ದಾಗ ಗುರುವಾರ ಬಂತೆಂದರೆ ಫಕೀರನೊಬ್ಬ ಹೊಗೆಯ ಬಟ್ಟಲು ಬೀಸುತ್ತ ಓಣಿಗೆ ಬರುತ್ತಿದ್ದ. ನವಿಲುಗರಿಯ ಕಟ್ಟನ್ನು ಮಕ್ಕಳ ತಲೆಗೆ ಮುಟ್ಟಿಸುತ್ತಿದ್ದ. ಅವಳು ಎಲ್ಲರಿಗಿಂತ ಮುಂದೆ ಹೋಗಿ ನಿಂತರೂ ಅವನ ಕೈ ಮೊದಲು ಪಕ್ಕದ ಮನೆಯ ಹುಡುಗಿಯ ತಲೆಯ ಮೇಲೇ ಇಳಿಯುತ್ತಿತ್ತು. ಐವತ್ತು ದಾಟಿದರೂ ಆ ವಾಸನೆಗೆ ಅವಳಿಗೆ ಮೊದಲು ನೆನಪಾಗುವುದು ಆ ಹುಡುಗಿಯ ತಲೆಯೇ.

ಒಳಗೆ ಗೋಡೆಗೆ ಆನಿಸಿ ಶಿವಕಾಂತಾಳನ್ನು ಕೂರಿಸಿದ್ದರು. ಹಣೆ, ತೋಳುಗಳಿಗೆ ವಿಭೂತಿ. ಕೊರಳಲ್ಲಿ ಬಾಡಿದ ಚೆಂಡುಹೂವಿನ ಹಾರ. ಬರದ ಬೇಸಿಗೆಯಲ್ಲಿ ಔರಾದಿನಲ್ಲಿ ಅಷ್ಟು ಹೂ ಸಿಕ್ಕಿದ್ದೇ ದೊಡ್ಡದು. ಟ್ಯಾಂಕರಿನ ನೀರು ಕುಡಿದು ಕಾಮಾಲೆಯಾಗಿ, ಮಲಗಿದವಳು ಮತ್ತೆ ಏಳಲಿಲ್ಲವಂತೆ. ಭಾಲ್ಕಿಯ ಕಂಪ್ಯೂಟರ್ ಕೇಂದ್ರದಲ್ಲಿ ಆರು ವರ್ಷ ಇಬ್ಬರೂ ಕೂಡಿ ಕೆಲಸ ಮಾಡಿದ್ದರು. ಕೇಶರಬಾಯಿ ಮುಖ್ಯಸ್ಥೆ, ಶಿವಕಾಂತಾ ಲ್ಯಾಬಿನಲ್ಲಿ ಕಲಿಸುವವಳು.

ಅಂಗಳದ ತುಂಬ ಹಳೆಯ ವಿದ್ಯಾರ್ಥಿಗಳು. ಪುಣೆಯಿಂದ, ಹೈದರಾಬಾದಿನಿಂದ ಸಿಕ್ಕಿದ ಬಸ್ಸು ಹತ್ತಿ ಬಂದಿದ್ದರು. ತಾನು ಸತ್ತರೆ ಇವರಲ್ಲಿ ಎಷ್ಟು ಮಂದಿ ಬಂದಾರು ಎಂಬ ಲೆಕ್ಕ ಕೇಶರಬಾಯಿಯ ಮನಸ್ಸಿನಲ್ಲಿ ತಾನಾಗಿಯೇ ಶುರುವಾಯಿತು. ಅವಳು ಅದನ್ನು ಅರ್ಧಕ್ಕೇ ಬಿಟ್ಟಳು.

"ನನ್ನ ಕಂಪ್ಯೂಟರಿನ ಪಾಥ್ ಮೂರು ಸಲ ನಾನೇ ಕೆಡಿಸೀನಿ, ಮೂರು ಸಲ ಶಿವಕ್ಕ ಬಂದು ಹಾಕ್ಯಾಳ" ಎನ್ನುತ್ತಿದ್ದ ದತ್ತಾತ್ರಿ. ಅವನಿಗೀಗ ಪುಣೆಯಲ್ಲಿ ನೌಕರಿ. "'ದತ್ತಾ, ನಿನ್ನ ಬೆರಳೋ, ಎಮ್ಮಿ ಕಾಲೋ' ಅಂದಿದ್ಳು."

"ನಿನಗ ಅಷ್ಟರಾಗೇ ಬಿಟ್ಟಾಳ. ನನಗ 'ನೀ ಒಂದು ದಿನ ಕಂಪ್ಯೂಟರ್ ಜೀವಾನೇ ತೆಗೀತಿ' ಅಂದಿದ್ಳು" ಎಂದಳು ಪಕ್ಕದವಳು. ಇಬ್ಬರೂ ನಕ್ಕರು. ನಕ್ಕಿದ್ದಕ್ಕೆ ನಾಚಿ ತಲೆ ತಗ್ಗಿಸಿದರು.

"ಬಾಜೂಕ ಕುರ್ಚಿ ಎಳಕೊಂಡು ಕೂಡ್ತಿದ್ಳು ನೋಡು. ಹಂಗ ಯಾರು ಕೂಡ್ತಾರ ಈಗ" ಎಂದ ದತ್ತಾತ್ರಿ. ಅಷ್ಟರಲ್ಲಿ ಕೇಶರಬಾಯಿಯನ್ನು ಕಂಡು ಎದ್ದು ನಿಂತ. "ನಮಸ್ಕಾರ್ರಿ ಮೇಡಂ."

ಎಲ್ಲರೂ ಎದ್ದು ನಿಂತರು.

*

ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವ ಜಾವಾ ಭಾಷೆಯನ್ನು ತುಂಬಿದರಷ್ಟೇ ಸಾಲದು. ಅದು ಯಾವ ಫೋಲ್ಡರಿನಲ್ಲಿ ಕೂತಿದೆ ಎಂಬ ದಾರಿಯನ್ನು ಒಂದು ಕಡೆ ಬರೆದಿಡಬೇಕು. ಅದಕ್ಕೇ ಪಾಥ್ ಹಾಕುವುದು ಎನ್ನುತ್ತಾರೆ. ಹಾಕದಿದ್ದರೆ ಏನು ಟೈಪ್ ಮಾಡಿದರೂ ಇದು ಯಾವುದೋ ನನಗೆ ಗೊತ್ತಿಲ್ಲ ಎನ್ನುತ್ತದೆ ಕಂಪ್ಯೂಟರು. ಬರೆಯಲು ಪರದೆಯ ಮೇಲೆ ಎರಡು ಚೌಕಗಳಿವೆ. ಮೇಲಿನ ಚೌಕದಲ್ಲಿ ಬರೆದರೆ ಆಗ ಯಾರು ತಮ್ಮ ಹೆಸರಿನಲ್ಲಿ ಒಳಗೆ ಬಂದಿದ್ದಾರೋ ಅವರೊಬ್ಬರಿಗೇ ಸಲ್ಲುತ್ತದೆ. ಕೆಳಗಿನ ಚೌಕದಲ್ಲಿ ಬರೆದರೆ ಆ ಕಂಪ್ಯೂಟರಿನ ಮುಂದೆ ಯಾರು ಕೂತರೂ ಸಲ್ಲುತ್ತದೆ. ಆದರೆ ಕೆಳಗಿನದು ಮುಖ್ಯಸ್ಥರ ಪಾಸ್‌ವರ್ಡಿಗೆ ಮಾತ್ರ ತೆರೆಯುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಿವಕಾಂತಾ ಒಮ್ಮೆ ಕೇಶರಬಾಯಿಯ ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ್ದಳು.

"ಅಕ್ಕೋರ, ನೀವು ಒಂದ್ಸಲ ಬಂದು ಕೆಳಗಿನ ಚೌಕದಾಗ ಹಾಕಿಬಿಟ್ರ ಎಲ್ಲಾ ಹುಡುಗರದೂ ಒಮ್ಮಿಗೇ ಆಗ್ತದರಿ."

"ಹಂಗ ಹಾಕಬಾರದಂತ ಮ್ಯಾಲಿನವರು ಹೇಳ್ಯಾರ್ರಿ" ಎಂದಿದ್ದಳು ಕೇಶರಬಾಯಿ.

ಯಾರೂ ಹಾಗೆ ಹೇಳಿರಲಿಲ್ಲ. ಬಂದು ವಾರವಾಗುವುದರೊಳಗೆ ಹುಡುಗಿಯರು ಅವಳನ್ನು ಶಿವಕ್ಕ ಎಂದು ಕರೆಯತೊಡಗಿದ್ದರು, ಅಷ್ಟೇ.

ಶಿವಕಾಂತಾ ಮತ್ತೆ ಕೇಳಲಿಲ್ಲ. ಒಬ್ಬೊಬ್ಬರ ಪಕ್ಕಕ್ಕೂ ಕುರ್ಚಿ ಎಳೆದುಕೊಂಡು ಕೂತು ಮೇಲಿನ ಚೌಕ ತುಂಬಿಸುತ್ತ ಬಂದಳು. ಹುಡುಗರು ಕಂಪ್ಯೂಟರ್ ಬದಲಿಸಿದರೆ ಮತ್ತೆ ಮೊದಲಿನಿಂದ. ಕೂತಾಗ ಸುಮ್ಮನಿರುವವಳಲ್ಲ. ಅಪ್ಪ ಎಲ್ಲಿ ದುಡಿಯಲು ಹೋಗಿದ್ದಾನೆ, ಮನೆಯಲ್ಲಿ ಇನ್ನು ಯಾರಿದ್ದಾರೆ, ಬೆಳಿಗ್ಗೆ ಏನು ತಿಂದು ಬಂದೆ ಎಂದು ಕೇಳುತ್ತಿದ್ದಳು. ನಲ್ಲಿಗೆ ನೀರು ಬಾರದ ದಿನಗಳಲ್ಲಿ ತನ್ನ ಬಾಟಲಿಯನ್ನು ಅವರತ್ತ ಸರಿಸುತ್ತಿದ್ದಳು. ಹುಡುಗರು ಹೊಲದ ಎಳೆಜೋಳದ ಸೀತನಿ, ಹುರಿದ ಶೇಂಗಾ ತಂದು ಅವಳ ಮೇಜಿನ ಮೇಲೆ ಇಡುತ್ತಿದ್ದರು. ಗಾಜಿನ ಈಚೆಯಿಂದ ಕೇಶರಬಾಯಿ ಎಲ್ಲವನ್ನೂ ನೋಡುತ್ತಿದ್ದಳು. ನಗು ಅವಳಿಗೆ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ.

*

ಕೂತ ಹೆಣವನ್ನು ಒಯ್ಯುವ ಬಿದಿರಿನ ವಿಮಾನ ಕಟ್ಟಿ ಶಿವಕಾಂತಾಳನ್ನು ಹೊರಡಿಸಿದರು. ಅಣ್ಣ ಮಡೆಪ್ಪ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಹಿಂದಿನದಕ್ಕೆ ಹೆಗಲು ಕೊಡಲು ಹುಡುಗರು ಸಾಲು ನಿಂತರು. ಕುಣಿಯಲ್ಲಿ ಕೂರಿಸಿ ಎಲ್ಲರೂ ಮಣ್ಣು ಕೊಟ್ಟು ಬಂದ ಮೇಲೆ ಕೈಕಾಲು ತೊಳೆಯಲು ತಲೆಗೊಂದು ಚೊಂಬು ನೀರು ಸಿಕ್ಕಿತು.

ಬೇವಿನ ನೆರಳಿನಲ್ಲಿ ಆಬೇದಾ ಕಾಯುತ್ತಿದ್ದಳು. ಮೂವತ್ತರ ಹೆಂಗಸು, ಕೇಂದ್ರದ ಈಗಿನ ಬ್ಯಾಚಿನ ವಿದ್ಯಾರ್ಥಿನಿ. ಗಂಡ ಸೆಂಟ್ರಿಂಗ್ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿ ವರ್ಷವಾಗಿತ್ತು.

"ಮೇಡಂ, ಈಗ ಕೇಳಬಾರದರಿ. ಆದ್ರ ನಾಳಿ ಮುಂಜಾನಿ ಪರೀಕ್ಷಾ ಅದ. ನಮ್ಮ ಬ್ಯಾಚಿನವರದು ಅರ್ಧಾ ಮಂದೀದು ಪಾಥ್ ಹಾಕಿಲ್ಲ. ಶಿವಕ್ಕ ಅಷ್ಟರಾಗ ಮಲಗಿಬಿಟ್ಟಳು. ಮುಂದಿನ ವಾರ ನಾ ಮಕ್ಕಳ ಸಂಗಟ ಹೈದರಾಬಾದಿಗೆ ಹೊಂಟೀನ್ರಿ. ಮತ್ತ ಬಂದು ಬರಿಯೋದು ನನಗ ಆಗಂಗಿಲ್ಲ. ಸರ್ಟಿಫಿಕೇಟ್ ಇದ್ರ ಅಲ್ಲಿ ಆಫೀಸಿನಾಗ ಕೂಡ್ತೀನಿ, ಇಲ್ಲಂದ್ರ ನಾನೂ ಗಾರಿ ಹೊರಬೇಕು."

ಕೇಶರಬಾಯಿಯ ಎದೆಯಲ್ಲಿ ಹಿತವಾದದ್ದೇನೋ ಸುಳಿಯಿತು. ಇನ್ನು ಶಿವಕಾಂತಾ ಇಲ್ಲ. ತಾನೇ ಒಬ್ಬೊಬ್ಬರ ಪಕ್ಕದಲ್ಲಿ ಕೂರಬಹುದು. ಮೇಲಿನ ಚೌಕವನ್ನೇ ತುಂಬಿಸಬಹುದು. ಮೇಡಂ ನಮಗಾಗಿ ಕೂತರು ಎಂದು ನಾಳೆ ಇವರೇ ಹೇಳುತ್ತಾರೆ.

"ಚಿಂತಿ ಮಾಡಬ್ಯಾಡ್ರಿ. ನಾ ಮಾಡ್ತೀನಿ. ಮೊದಲು ನಿಮ್ಮದು, ಇವತ್ತೇ."

ಹೇಳಿ ಹೋಗಲೆಂದು ಶಿವಕಾಂತಾಳ ತಾಯಿ ಸುಮಿತ್ರಾಬಾಯಿಯ ಮುಂದೆ ಕೂತಳು. ಆಬೇದಾ ಹಿಂದೆ ನಿಂತಳು. ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರವ್ವ?"

"ಕೇಶರಬಾಯಿರಿ. ಭಾಲ್ಕಿ ಸೆಂಟರಿನಾಕಿ."

"ಹೌದೇನು." ಮುದುಕಿ ಅವಳ ಕೈ ಹಿಡಿದುಕೊಂಡಳು. "ಶಿವಿ ದಿನಾ ನಿನ್ನ ಸುದ್ದಿ ತೆಗೀತಿದ್ಳು."

ಕೇಶರಬಾಯಿಯ ಬೆನ್ನು ನೆಟ್ಟಗಾಯಿತು. "ಏನಂತಿದ್ಳರಿ?"

"ಸಂಜಿಗಿ ಬಸ್ ಇಳದು ಬಂದಾಕಿ, ಬೆರಳು ನೋಯ್ತಾವ ಅಂತ ಎಣ್ಣಿ ಹಚ್ಚಿಸ್ಕೋತಿದ್ಳು. ಅಷ್ಟ್ಯಾಕ ಕೈ ಮುರ್ಕೋತಿ ಅಂದ್ರ, ಬಾಯಾರ ಕಡಿ ಒಂದು ಚಾವಿ ಅದ ಅವ್ವ, ಕೊಟ್ರ ಒಮ್ಮಿಗೇ ಆಗ್ತದ ಅಂದಳು. ಮತ್ತ ಕೇಳಬಾರದೇನ ಅಂದೆ. 'ಆಕಿ ಹಗಲೆಲ್ಲಾ ಖೋಲ್ಯಾಗ ಒಬ್ಬಾಕಿನೇ ಕೂಡ್ತಾಳ. ಯಾರೂ ಹೋಗಿ ಮಾತಾಡ್ಸಂಗಿಲ್ಲ. ಆ ಚಾವಿ ಒಂದಾದ್ರೂ ಆಕಿ ಕೈಯಾಗ ಇರ್ಲಿ ಬಿಡು' ಅಂದಳು." ಸುಮಿತ್ರಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಯಾವ ಚಾವಿನೋ ಏನೋ, ನನಗ ತಿಳೀಲಿಲ್ಲವ್ವ."

ತನ್ನ ಪಾಸ್‌ವರ್ಡಿನ ಮಾತೆಂದು ತಿಳಿದ ಕೇಶರಬಾಯಿ ಹಿಂದೆ ತಿರುಗಿ ನೋಡಲಿಲ್ಲ. ಆಬೇದಾಳ ಬಳೆಯ ಸದ್ದು ಅಲ್ಲೇ, ಹತ್ತಿರದಲ್ಲೇ ಕೇಳಿಸಿತು.

*

ಭಾಲ್ಕಿಯ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಕಿಟಕಿಯಾಚೆ ಬೋಳು ಹೊಲಗಳು ಹಿಂದೆ ಸರಿಯುತ್ತಿದ್ದವು. ಶಿವಕಾಂತಾ ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ಕೇಶರಬಾಯಿ. ಬೈದಿದ್ದರೆ ತಾನೂ ತಿರುಗಿ ಬೈಯಬಹುದಿತ್ತು. ಆರು ವರ್ಷ ತಾನು ಹೊಟ್ಟೆ ಉರಿಸಿಕೊಂಡು ಕೂತಿದ್ದಾಗ ಗಾಜಿನ ಆಚೆಯಿಂದ ಅವಳು ತನ್ನನ್ನು ನೋಡಿ ಮರುಗುತ್ತಿದ್ದಳು. ಅದರಲ್ಲೂ ಅವಳೇ ಮೇಲಾದಳು. ಮಣ್ಣು ಕೊಟ್ಟು ಬಂದ ಮೇಲೂ ಹೊಟ್ಟೆಯ ಕಿಚ್ಚು ಆರಿರಲಿಲ್ಲ.

ಭಾಲ್ಕಿ ತಲುಪುವಾಗ ಬಿಸಿಲು ಇಳಿದಿತ್ತು. ಕೇಶರಬಾಯಿ ಲ್ಯಾಬಿನ ಬೀಗ ತೆಗೆದು ಫ್ಯಾನು ಹಾಕಿದಳು. ಆಬೇದಾ ತನ್ನ ಹೆಸರು ಒತ್ತಿ ಕಂಪ್ಯೂಟರಿನ ಒಳಗೆ ಹೋದಳು. ಕೇಶರಬಾಯಿ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಕಿರ್ರೆಂದಿತು. ಕುರ್ಚಿ ಹೀಗೆ ಸರಿಯುವುದನ್ನು ಅವಳು ಗಾಜಿನ ಈಚೆಯಿಂದ ಎಷ್ಟೋ ಸಲ ನೋಡಿದ್ದಳು, ಅದರ ಸದ್ದು ಕೇಳಿದ್ದು ಈಗಲೇ.

ಎರಡು ಚೌಕಗಳು ತೆರೆದುಕೊಂಡವು. ಮೇಲಿನ ಚೌಕದಲ್ಲಿ ಟೈಪ್ ಮಾಡತೊಡಗಿದಳು. ಅರ್ಧ ಸಾಲು ಬರೆದಿರಬೇಕು, ಕೈ ನಿಂತಿತು. ಇದನ್ನು ಮುಗಿಸಿದರೆ ಆಬೇದಾ ಒಬ್ಬಳದು ಆಗುತ್ತದೆ. ಉಳಿದವರು ಬೆಳಿಗ್ಗೆ ಒಬ್ಬೊಬ್ಬರಾಗಿ ಬಂದು ತನ್ನ ಪಕ್ಕದಲ್ಲಿ ಕೂರುತ್ತಾರೆ. ಪರೀಕ್ಷೆಯ ಗಂಟೆಯೊಳಗೆ ಎಲ್ಲರದೂ ಮುಗಿದೀತು, ಮುಗಿಯದೆಯೂ ಹೋದೀತು.

ಬರೆದದ್ದನ್ನು ಅಳಿಸಿದಳು.

"ಒಂಚೂರು ಸರೀರಿ."

ಆಬೇದಾಳ ಹೆಸರಿನಿಂದ ಹೊರಗೆ ಬಂದು, ಮುಖ್ಯಸ್ಥೆಯ ಪಾಸ್‌ವರ್ಡ್ ಕೊಟ್ಟು ಕೆಳಗಿನ ಚೌಕ ತೆರೆದು ಒಂದೇ ಸಾಲು ಬರೆದಳು.

"ಈಗ ನಿಮ್ಮ ಹೆಸರಿನಾಗ ಹೋಗಿ ನೋಡ್ರಿ."

ಆಬೇದಾ ಟೈಪ್ ಮಾಡಿದಳು. ಕಂಪ್ಯೂಟರು ತಕರಾರಿಲ್ಲದೆ ಉತ್ತರ ಕೊಟ್ಟಿತು.

"ನಿಮ್ಮ ಗೆಳತಿ ಬದರುನ್ನಿಸಾಂದೂ ಆದಂಗ, ಆಕಿ ಬಂದು ನಾಳಿ ಇದ್ರಾಗೇ ಕೂತ್ರೂ ನಡೀತದ" ಎಂದಳು ಕೇಶರಬಾಯಿ. "ಯಾರು ಕೂತ್ರೂ ನಡೀತದ."

ಆಬೇದಾ ಪರದೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಇಷ್ಟೇ ಏನ್ರಿ, ಮೇಡಂ?"

"ಇಷ್ಟೇ."

ಹೊರಗೆ ರಸ್ತೆಯಲ್ಲಿ ಟ್ಯಾಂಕರು ಬಂತೆಂದು ಕೊಡಗಳ ಸದ್ದು ಎದ್ದಿತು. ಕೇಶರಬಾಯಿ ಎದ್ದು ಮುಂದಿನ ಕಂಪ್ಯೂಟರಿಗೆ ಹೋದಳು. ಅದಾದ ಮೇಲೆ ಅದರ ಮುಂದಿನದು. ಹಿಂದಿನಿಂದ ಒಂದು ಮಾತು ಬರುತ್ತದೆ ಎಂದು ಪ್ರತಿ ಸಲವೂ ಕಾದಳು. ಇಷ್ಟು ಸುಲಭದ್ದನ್ನು ತಾನು ಆರು ವರ್ಷ ಬೇಕೆಂದೇ ಮಾಡಲಿಲ್ಲವೆಂದು ನಾಳೆ ಬೆಳಗಾಗುವುದರೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ದತ್ತಾತ್ರಿಗೂ ಪುಣೆಯವರೆಗೆ ಫೋನು ಹೋಗುತ್ತದೆ. ಹೋಗಲಿ. ಗೋಡೆಯ ಕಡೆಯ ಸಾಲು ಮುಗಿಯುವ ಹೊತ್ತಿಗೆ ಅವಳ ಬೆರಳ ಗಿಣ್ಣುಗಳು ನೋಯತೊಡಗಿದ್ದವು. ಕೊನೆಯ ಕಂಪ್ಯೂಟರಿನ ಮುಂದೆ ಕೂತವಳು ಮುಗಿದ ಮೇಲೂ ಏಳಲಿಲ್ಲ.

ಆಬೇದಾ ಬಂದು ಪಕ್ಕದಲ್ಲಿ ನಿಂತಳು. ಕೀಬೋರ್ಡನ್ನು ಆಚೆ ಸರಿಸಿದಳು. ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಸಾವಿನ ಮನೆಯವರಿಗೆಂದು ನೆರೆಯವರು ತಂದಿದ್ದ ಜೋಳದ ರೊಟ್ಟಿ, ಮೇಲೆ ಪುಂಡಿಪಲ್ಯ.

"ಅಲ್ಲಿ ನೀವು ಉಣ್ಣಲಿಲ್ಲರಿ" ಎಂದಷ್ಟೇ ಹೇಳಿ, ಒಂದು ರೊಟ್ಟಿಯನ್ನು ಎರಡು ಮಡಿಕೆ ಮಾಡಿ ಅದರಲ್ಲಿ ಪಲ್ಯ ಇಟ್ಟು ಕೇಶರಬಾಯಿಯ ಕೈಗೆ ಕೊಟ್ಟಳು.