ಕಂಬದ ಮರೆಯಲ್ಲಿದ್ದವನು

ಇಪ್ಪತ್ತೆರಡು ಮಂದಿ ಡ್ರೈವರುಗಳು ಸೇರಿಕೊಂಡು ಒಂದು ಬಸ್ಸನ್ನು ಹಿಂದಕ್ಕೆ ತೆಗೆಸುತ್ತಿದ್ದರು. ಒಬ್ಬ ಬರಲಿ ಬರಲಿ ಎಂದರೆ ಇನ್ನೊಬ್ಬ ಸಾಕು ಎನ್ನುತ್ತಿದ್ದ, ಮತ್ತೊಬ್ಬ ಸುಮ್ಮನಿರಲಾರದೆ ಬಸ್ಸಿನ ಬೆನ್ನಿಗೆ ತಟ್ಟುತ್ತಿದ್ದ. ಸ್ಟೇರಿಂಗ್ ಹಿಡಿದವನ ತಲೆ ಕೆಟ್ಟುಹೋಗಿ, ಇಷ್ಟು ಜನ ದಾರಿ ತೋರಿಸಿದರೆ ಮೇಷ್ಟ್ರ ಪಕ್ಕದಲ್ಲೇ ನನ್ನನ್ನೂ ಮಲಗಿಸಬೇಕಾಗುತ್ತದೆ ಎಂದು ಗೊಣಗಿದ. ಶವದ ವ್ಯಾನು ಆಗಲೇ ಬೀದಿಯ ತುದಿಯಲ್ಲಿ ಕಾಯುತ್ತಿತ್ತು. ಬಾಗಿಲಲ್ಲಿ ಅಮ್ಮನ ತೋಳು ಹಿಡಿದು ನಿಂತಿದ್ದ ಮಗಳಿಗೆ ಅಂಥ ಹೊತ್ತಿನಲ್ಲೂ ನಗು ಬಂತು, ಅದರ ಬೆನ್ನಿಗೇ ಅಳು ಬಂತು.

ಸತ್ತವರು ಡಿಪೋದಲ್ಲಿ ಮೂವತ್ತೊಂದು ವರ್ಷ ಡ್ರೈವಿಂಗ್ ಕಲಿಸಿದ ಮೇಷ್ಟ್ರು. ಎಲ್ಲರ ಬಾಯಲ್ಲೂ ಅವರು ತೂಗುಮೇಷ್ಟ್ರು. ಬಸ್ಸಿನ ಮುಂಗಾಜಿನ ಪಕ್ಕದ ಕಂಬ, ಅದರಾಚೆಯ ಕನ್ನಡಿ ಎರಡೂ ಸೇರಿದರೆ ಒಬ್ಬ ಆಳನ್ನೇ ನುಂಗಿಬಿಡುತ್ತವೆ. ಆದ್ದರಿಂದ ಪ್ರತಿ ತಿರುವಿನಲ್ಲೂ ಸೀಟಿನಲ್ಲೇ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತೂಗಿ, ಕಂಬದ ಮರೆಯನ್ನು ನೋಡಿಕೊಂಡೇ ತಿರುಗಿಸಬೇಕು ಎನ್ನುವುದು ಅವರ ಪಾಠ. ಬೇರೆ ಏನು ಮರೆತರೂ ಕ್ಷಮಿಸುತ್ತಿದ್ದರು, ಇದನ್ನಲ್ಲ. ನಂಬದ ಹೊಸಬನನ್ನು ಸೀಟಿನಲ್ಲಿ ಕೂರಿಸಿ, ತಂಡದ ಉಳಿದ ಹದಿನಾಲ್ಕು ಮಂದಿಯನ್ನು ಹೊರಗೆ ಕಂಬದ ನೇರಕ್ಕೆ ಒಬ್ಬರ ಹಿಂದೊಬ್ಬರು ನಿಲ್ಲಿಸಿ, ಎಷ್ಟು ಜನ ಕಾಣ್ತಾರಪ್ಪ ಎಂದು ಕೇಳುತ್ತಿದ್ದರು. ಒಬ್ಬರೂ ಕಾಣುತ್ತಿರಲಿಲ್ಲ. ಮಗಳು ಕಲಿತದ್ದೂ ಅದೇ ಸೀಟಿನಲ್ಲಿ. ಒಂಬತ್ತು ವರ್ಷದಿಂದ ಬಸ್ಸು ಓಡಿಸುತ್ತಿದ್ದಳು.

ಹೊರಡುವ ಮುಂಚೆ ಡಿಪೋ ಮ್ಯಾನೇಜರು ಕಡತ ಹಿಡಿದುಕೊಂಡು ಅವಳನ್ನು ಪಕ್ಕಕ್ಕೆ ಕರೆದರು. ಕಳೆದ ತಿಂಗಳ ನಿನ್ನ ಬಸ್ಸಿನ ಅಪಘಾತದ ವಿಚಾರಣೆ ಮುಗಿದ ಹಾಗೆಯೇ, ನಿಮ್ಮಪ್ಪ ಆಸ್ಪತ್ರೆಯಿಂದ ಬರೆದ ಪತ್ರವೇ ಸಾಕಾಯಿತು, ಸೋಮವಾರ ಡ್ಯೂಟಿಗೆ ಬಾ ಎಂದರು. ಒಳ್ಳೆಯ ಮನುಷ್ಯ, ದುಃಖದ ಮನೆಗೆ ಒಂದು ಸಮಾಧಾನದ ಸುದ್ದಿಯನ್ನಾದರೂ ತಂದೆನಲ್ಲ ಎಂದುಕೊಂಡಿದ್ದರು. ಅವಳು ತಲೆಯೆತ್ತದೆ ಅಮ್ಮನ ಜೊತೆ ಬಸ್ಸು ಹತ್ತಿದಳು.

*

ಅಪಘಾತದ ದಿನ ಅವಳು ತೂಗುವುದನ್ನು ನೋಡಿ ಮುಂದಿನ ಸೀಟಿನಲ್ಲಿದ್ದ ಪ್ರಯಾಣಿಕನೊಬ್ಬ, ಏನಮ್ಮ, ನೀನು ಕೂತಿರೋದು ಸೀಟೋ ತೊಟ್ಟಿಲೋ ಎಂದಿದ್ದ. ಬಸ್ಸಿಗೆ ಬಸ್ಸೇ ನಕ್ಕಿತ್ತು. ಅವಳ ಕಿವಿ ಬಿಸಿಯಾಯಿತು. ಮುಂದಿನದು ಮಾರುಕಟ್ಟೆಯ ಬಲ ತಿರುವು. ಹಟಕ್ಕೆ ಬಿದ್ದವಳಂತೆ ನೆಟ್ಟಗೆ ಕೂತು ತಿರುಗಿಸಿದಳು. ಒಂದೇ ಒಂದು ತಿರುವು. ಕಂಬದ ಮರೆಯಲ್ಲಿ ಬೀಗ ರಿಪೇರಿಯವನೊಬ್ಬ ತನ್ನ ಪಾಡಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ. ಅವನ ತೊಡೆಯ ಮೂಳೆ ಮುರಿಯಿತು. ತೂಗಿ ನೋಡಿಯೇ ತಿರುಗಿಸಿದೆ, ಸೈಕಲ್ಲು ಎಲ್ಲಿಂದಲೋ ಅಡ್ಡ ನುಗ್ಗಿತು ಎಂದು ಅವಳು ಹೇಳಿಕೆ ಬರೆದುಕೊಟ್ಟಳು.

ಸಂಜೆ, ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದ ಅಪ್ಪ ಬೇರೇನೂ ಕೇಳಲಿಲ್ಲ.

"ತೂಗಿದ್ಯಾ?"

"ತೂಗಿದೆ ಅಪ್ಪ."

ಎರಡನೇ ಸಲ ಕೇಳಲಿಲ್ಲ. ಸೂಜಿ ಚುಚ್ಚಿದ್ದ ಕೈಯಲ್ಲೇ ಪತ್ರ ಬರೆದರು. ನನ್ನ ಮಗಳು ತೂಗದೆ ತಿರುಗಿಸುವವಳಲ್ಲ, ಕಲಿಸಿದವನು ನಾನು. ಸ್ವಲ್ಪ ಚೇತರಿಸಿಕೊಳ್ಳಲಿ, ನಾಳೆ ಹೇಳಿದರಾಯಿತು ಎಂದು ಅವಳು ದಿನಾ ಅಂದುಕೊಂಡಳು. ಅವರು ಚೇತರಿಸಿಕೊಳ್ಳಲಿಲ್ಲ.

*

ಸ್ಮಶಾನಕ್ಕೆ ಹೊರಟ ಬಸ್ಸಿನಲ್ಲಿ ಅವಳ ಹಿಂದೆ ಕೂತವರು ಮೇಷ್ಟ್ರ ಬೈಗುಳಗಳನ್ನೇ ನೆನೆದು ನೆನೆದು ನಗುತ್ತಿದ್ದರು. ನಾಲ್ಕು ರಸ್ತೆ ಕೂಡುವಲ್ಲಿ ಬಸ್ಸು ಬಲಕ್ಕೆ ಹೊರಳಿತು. ಸ್ಟೇರಿಂಗ್ ಇದ್ದದ್ದು ಒಬ್ಬನ ಕೈಯಲ್ಲಿ. ಆದರೆ ಅಷ್ಟೂ ಮಂದಿ ಮಾತು ನಿಲ್ಲಿಸದೆಯೇ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತೂಗಿದರು. ಯಾರಿಗೂ ಅದರ ಪರಿವೆಯೇ ಇರಲಿಲ್ಲ. ಜನ್ಮದಲ್ಲಿ ಸ್ಟೇರಿಂಗ್ ಮುಟ್ಟದ ಅಮ್ಮನೂ ತೂಗಿದಳು. ಮಗಳೊಬ್ಬಳು ಹಾಗೇ ಕೂತಿದ್ದಳು.

"ಆ ಬೀಗದವನು ಇನ್ನೂ ನೆಟ್ಟಗೇ ಬರ್ತಿದ್ದೆ ಅಂತಾನಂತೆ," ಎಂದ ಹಿಂದಿನವನು. "ಮೇಷ್ಟ್ರ ಮಗಳ ಮೇಲೇ ಸುಳ್ಳು ಹೇಳ್ತಾನಲ್ಲ, ಎಷ್ಟು ಧೈರ್ಯ ನೋಡು."

ಅವಳಿಗೆ ಬಸ್ಸಿನಿಂದ ಇಳಿದುಬಿಡೋಣ ಎನ್ನಿಸಿತು.

ಸ್ಮಶಾನದಲ್ಲಿ ಎಲ್ಲ ಮುಗಿದ ಮೇಲೆ, ಬಸ್ಸಿನ ಹತ್ತಿರ ನಿಂತಿದ್ದ ಮ್ಯಾನೇಜರ ಎದುರಿಗೆ ಹೋದಳು. ಅಮ್ಮ ಜೊತೆಗೇ ಇದ್ದಳು.

"ಸರ್, ನಾನು ಅವತ್ತು ತೂಗಲಿಲ್ಲ."

ಅವರು ಸುತ್ತ ನೋಡಿದರು. ದುಃಖದಲ್ಲಿ ಏನೇನೋ ಅನ್ನಿಸುತ್ತೆ, ಇವತ್ತು ಬೇಡಮ್ಮ ಎಂದರು.

"ದುಃಖಕ್ಕಲ್ಲ ಸರ್. ಜನ ನಕ್ಕರು, ನಾಚಿಕೆ ಆಯ್ತು. ಆ ಮನುಷ್ಯ ನೆಟ್ಟಗೇ ಬರ್ತಿದ್ದ."

"ಕೆಲಸ ಹೋಗುತ್ತೆ, ಗೊತ್ತಾ?" ಮ್ಯಾನೇಜರು ದನಿ ತಗ್ಗಿಸಿದರು. "ಅದೂ ಇರಲಿ. ಮಣ್ಣು ಮಾಡಿದ ದಿನವೇ ಅಪ್ಪನ ಮಾತು ಸುಳ್ಳು ಮಾಡ್ತೀಯಾ?"

"ಅಪ್ಪ ನಂಬಿದ್ದನ್ನ ಬರೆದ್ರು. ಸುಳ್ಳು ನಂದು. ಒಂದು ಹಾಳೆ ಕೊಡಿ ಸರ್."

ಬಸ್ಸಿನ ಮೈಗೆ ಹಾಳೆ ಒತ್ತಿಹಿಡಿದು ನಿಂತೇ ಬರೆದಳು. ಗಾಳಿಗೆ ಹಾಳೆಯ ತುದಿ ಮಡಚಿಕೊಳ್ಳುತ್ತಿತ್ತು. ಅಮ್ಮ ಆ ತುದಿಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದಳು. ಬರೆಯುತ್ತಿದ್ದುದನ್ನು ಒಂದೊಂದೇ ಸಾಲು ಓದುತ್ತ ಹೋದಳು, ಕೊನೆಯವರೆಗೂ ಬೆರಳು ತೆಗೆಯಲಿಲ್ಲ.

ಮ್ಯಾನೇಜರು ಓದಿಕೊಂಡರು. ಕಡತ ತೆಗೆದು, ಆ ಹಾಳೆಯನ್ನು ಮೇಷ್ಟ್ರ ಪತ್ರದ ಮೇಲಿಟ್ಟು, ಜೇಬೆಲ್ಲ ತಡಕಿದರು. ಏನೂ ಸಿಗಲಿಲ್ಲ. ಆಮೇಲೆ ತಮ್ಮ ಎದೆಗೆ ಚುಚ್ಚಿಕೊಂಡಿದ್ದ ಶೋಕದ ಕಪ್ಪು ಪಟ್ಟಿಯ ಗುಂಡುಪಿನ್ನು ಕಿತ್ತು, ಎರಡು ಹಾಳೆಗಳನ್ನೂ ಸೇರಿಸಿ ಚುಚ್ಚಿದರು. ಪಟ್ಟಿ ಕೈಯಲ್ಲೇ ಉಳಿಯಿತು.