ಕುದುರೆ ಮಲಗಿಸುವುದು

ಸೈಮಿ ಪ್ಯಾಸ್ಟಿಯ ಅಂಚನ್ನು ಒತ್ತಿ ಒತ್ತಿ ಮಡಿಚುತ್ತಿದ್ದಳು. ದೊಡ್ಡ ಕಡುಬಿನಂಥ ಅದರ ಹೊಟ್ಟೆಗೆ ದನದ ಮಾಂಸ, ಆಲೂಗೆಡ್ಡೆ, ಈರುಳ್ಳಿ, ಹಳದಿ ಗೆಡ್ಡೆಕೋಸು ತುಂಬಿ ಆಗಿತ್ತು. ಅರ್ಧ ತಟ್ಟೆ ಮುಗಿದಿತ್ತು, ಇನ್ನರ್ಧ ಬಾಕಿ. ನಾಳೆ ಬೆಳಕು ಹರಿದರೆ ಜಿಂಕೆ ಬೇಟೆ ಶುರು. ಮಿಶಿಗನ್ನಿನ ಈ ಉತ್ತರದ ಕಾಡುಗಳಲ್ಲಿ ಆ ದಿನ ಶಾಲೆಗೂ ರಜೆ. ಬೇಟೆಮನೆ ಎಂದರೆ ಒಂದೇ ಕೋಣೆ. ಒಲೆ ಈ ಮೂಲೆಗೆ, ಮೇಜು ಆ ಮೂಲೆಗೆ. ಹಾಗಾಗಿ ಗಂಡಸರ ಮಾತೆಲ್ಲ ಹಿಟ್ಟಿನ ಜೊತೆಗೇ ಅವಳ ಕೈಗೆ ಅಂಟುತ್ತಿತ್ತು.

ಮೇಜಿನ ಮೇಲೆ ಮೂರು ಕೋವಿ, ಎಣ್ಣೆಯ ಚಿಂದಿ, ಕಾಫಿ. ಮೂರೂ ಲಿವರ್ ಕೋವಿಗಳೇ. ಹಿಡಿಯ ಕೆಳಗಿನ ಬಳೆಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ, ಹೊಸದು ಒಳಗೆ. ಜೊತೆಗೇ ತೋಟಾದ ಬೆನ್ನಿಗೆ ಬಡಿದು ಈಡು ಹಾರಿಸುವ ಕೊಕ್ಕೆ, ಅಂದರೆ ಕೋವಿಯ ಕುದುರೆ, ಎದ್ದು ನಿಲ್ಲುತ್ತದೆ. ಬಳೆಯ ಆ ಕಟಕಟ ಸದ್ದು ಕೇಳದೆ, ಮದುವೆಯಾದ ಮೇಲೆ ಸೈಮಿಯ ಯಾವ ನವೆಂಬರೂ ಕಳೆದಿರಲಿಲ್ಲ.

"ನಿಂದು ಕೋವಿ ಅಲ್ಲ ಕಣಣ್ಣ, ಅದು ಶತ್ರು," ಎಂದ ಮೈದುನ ವಿಲ್ಹೋ. "ಖಾಲಿ ತೋಟಾನ ನೆಟ್ಟಗೆ ಮೇಲಕ್ಕೆ ಎಸೀತದೆ. ಜಿಂಕೆಗೆ ಒಂದೇಟು, ನಿನ್ನ ಟೋಪಿಗೆ ಒಂದೇಟು!"

"ನಮ್ಮಪ್ಪ ಮರ ಕಡಿದ ಕೂಲಿಯಲ್ಲಿ ತಂದ ಕೋವಿ ಇದು. ತಲೆ ಮೇಲೆ ಬಿದ್ರೆ ಆಶೀರ್ವಾದ ಅನ್ಕೋತೀನಿ," ಎಂದ ಸೈಮಿಯ ಗಂಡ ಒನ್ನಿ. ಎಂಟು ಮುಖದ ಆ ನಳಿಗೆಯನ್ನು ಅವನು ಮಗುವಿನ ಬೆನ್ನು ಒರೆಸುವಂತೆ ಒರೆಸುತ್ತಿದ್ದ. "ನಿನ್ನದಕ್ಕೆ ಕುದುರೆನೇ ಇಲ್ಲ. ಹೊಟ್ಟೆಯೊಳಗೆ ನುಂಗ್ಕೊಂಡು ಕೂತದೆ. ಎದ್ದಿದ್ಯೋ ಮಲಗಿದ್ಯೋ ಕಣ್ಣಿಗೆ ಕಾಣಲ್ಲ, ನಿನ್ನ ಹಂಗೆ."

ಪಕ್ಕದ ಬೇಟೆಮನೆಯ ಡೆಲ್ಫಿಸ್ ಹೊಟ್ಟೆ ಕುಲುಕಿಸಿ ನಕ್ಕ. ಅವನದು ಹೊಸ ಕೋವಿ. ಕುದುರೆಯೂ ಉಂಟು, ಅದು ಅಪ್ಪಿತಪ್ಪಿ ಬಿದ್ದರೂ ಈಡು ಹಾರದಂತೆ ತಡೆಯುವ ಗುಂಡಿಯೂ ಉಂಟು. ಒನ್ನಿಯ ಹಳೆಯ ಕೋವಿಗೆ ಅಂಥ ಗುಂಡಿಯಿಲ್ಲ. ಬೆಳಿಗ್ಗೆ ಮೊದಲ ತೋಟಾ ಒಳಗೆ ಹೋದ ಕೂಡಲೇ ಕುದುರೆ ಎದ್ದು ನಿಲ್ಲುತ್ತದೆ. ಅದನ್ನು ಹೆಬ್ಬೆರಳಲ್ಲಿ ಬಿಗಿಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಅರ್ಧಕ್ಕೆ ಇಳಿಸಬೇಕು. ಬೆರಳು ಜಾರಿತೋ, ಈಡು ಹಾರಿತು. ಈ ಮನೆಯಲ್ಲಿ ಅದಕ್ಕೆ 'ಕುದುರೆ ಮಲಗಿಸುವುದು' ಎನ್ನುತ್ತಿದ್ದರು.

ಕಟ್ಟಳೆ ಇನ್ನೊಂದಿತ್ತು. ಈಡು ಹೊಡೆದು ಗುರಿ ತಪ್ಪಿದವನ ಅಂಗಿಯ ಹಿಂದಿನ ತುದಿ ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು. ಬಾಗಿಲ ಪಕ್ಕದ ಗೋಡೆಯ ಮೇಲೆ ಚೌಕಳಿ, ಪಟ್ಟೆ, ಬಣ್ಣಗೆಟ್ಟ ಕೆಂಪು, ಎಲ್ಲ ತುಂಡುಗಳೂ ತೂಗುತ್ತಿದ್ದವು. ವಿಲ್ಹೋನದೇ ಒಂದು ಸಾಲು. ಒನ್ನಿಯದು ಒಂದೂ ಇರಲಿಲ್ಲ. ಅವನು ಅದನ್ನು ಬಾಯಿಬಿಟ್ಟು ಹೇಳಿಕೊಂಡವನಲ್ಲ. ಆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ, ಅಷ್ಟೇ.

"ಹೋದ ವರ್ಷ ಎಂಟು ಕವಲು ಕೊಂಬಿನ ಗಂಡು ಬಂತಲ್ಲ, ಜೌಗಿನ ಹತ್ರ," ಒನ್ನಿ ಶುರುಮಾಡಿದ. "ಕುದುರೆ ಎಬ್ಬಿಸಿದೆ. ಅದು ತಿರುಗಿ ನೋಡ್ತು. ಮೂತಿ ಮೇಲೆ ಹಿಮ, ಹಾಲು ಕುಡಿದ ಹುಡುಗನ ಹಂಗೆ. ಹೊಡೆಯೋಕೆ ಮನಸ್ಸು ಬರ್ಲಿಲ್ಲ. ಕುದುರೆ ಮಲಗಿಸಿ ಮನೆಗೆ ಬಂದೆ."

ಎಲ್ಲರಿಗೂ ಪ್ರಿಯವಾದ ಕತೆ ಅದು. ಸೈಮಿಯೂ ಹಿಟ್ಟಿನ ಮುಂದೆ ನಕ್ಕಳು.

"ಅದೇ ಸಂಜೆ ಕಣಯ್ಯ ನನ್ನ ಮಾನ ಹೋಗಿದ್ದು," ಎಂದ ಡೆಲ್ಫಿಸ್. "ಇಷ್ಟು ಹತ್ರ ನಿಂತಿತ್ತು. ಗುರಿ ಹಿಡಿದೆ, ಒತ್ತಿದೆ, ಟಿಕ್! ಹಾಳಾದ್ದು, ಗುಂಡಿ ಸರಿಸೋದೇ ಮರ್ತಿದ್ದೆ. ಜಿಂಕೆ ನಕ್ಕೊಂಡು ಹೋಯ್ತು."

ವಿಲ್ಹೋ ಲೋಟ ಕೆಳಗಿಟ್ಟ. "ತಡಿ ತಡಿ. ಆ ಸಂಜೆ ಜೌಗಿನ ಕಡೆಯಿಂದ ಒಂದು ಈಡು ಕೇಳ್ತು. ನಾನು ನಿಂದೇ ಅನ್ಕೊಂಡಿದ್ದೆ."

"ನಂದು ಟಿಕ್ ಅಂದಿದ್ದು ಅಷ್ಟೇ ಮಾರಾಯ. ನಾನು ನಿಂದು ಅನ್ಕೊಂಡಿದ್ದೆ."

ಇಬ್ಬರೂ ಒನ್ನಿಯ ಕಡೆ ತಿರುಗಿದರು. ಒನ್ನಿ ಚಿಂದಿಯನ್ನು ಮಡಿಚಿ, ಮತ್ತೆ ಬಿಡಿಸಿದ.

ಸೈಮಿಯ ಕೈ ನಿಂತಿತು. ಆ ಸಂಜೆ ಅವನು ಬಂದು ಕೈಗವಸು ಕೂಡ ತೆಗೆಯದೆ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದ. ಚಳಿ ಎಂದುಕೊಂಡಿದ್ದಳು. ಅವನ ಪ್ಯಾಂಟಿನ ಬಲಗಾಲಿಗೆ ಮೊಣಕಾಲವರೆಗೂ ಕರಿಮಣ್ಣು ಚಿಮ್ಮಿತ್ತು. ಹಿಮ ಬಿದ್ದು ನೆಲ ಕಲ್ಲಾದ ಕಾಲದಲ್ಲಿ ಇಷ್ಟು ಮಣ್ಣು ಎಲ್ಲಿಂದ ಮೆತ್ತಿಕೊಂಡು ಬಂದನಪ್ಪಾ ಎಂದು ಒಗೆಯುವಾಗ ಗೊಣಗಿಕೊಂಡಿದ್ದಳು. ಈಗ ಆ ಮಣ್ಣು ಎಲ್ಲಿಂದ ಎದ್ದಿತ್ತೆಂದು ಹೊಳೆಯಿತು. ಕುದುರೆ ಜಾರಿ, ಈಡು ಅವನ ಪಾದದ ಪಕ್ಕದಲ್ಲೇ ನೆಲ ಹೊಕ್ಕಿತ್ತು. ಒಂದು ಗೇಣು ಈಚೆ ಬಿದ್ದಿದ್ದರೆ?

ಅವನ ಬಲ ಹೆಬ್ಬೆರಳು ಮಾತು ಕೇಳುವುದನ್ನು ಬಿಟ್ಟು ಎರಡು ಚಳಿಗಾಲವಾಗಿತ್ತು. ಅವಳು ಅವನ ಅಂಗಿಗಳ ಗುಂಡಿ ಕಿತ್ತು ಒತ್ತುಗುಂಡಿ ಹಾಕಿದ್ದಳು. ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ಮೊದಲೇ ಸಡಿಲಿಸಿ ಅವನ ಮುಂದಿಡುತ್ತಿದ್ದಳು. ಅವನು ಏನೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ಮನೆಯೊಳಗೆ ಅಷ್ಟು ಸಾಕಾಗುತ್ತದೆ ಎಂದುಕೊಂಡಿದ್ದಳು.

"ಹೊಡೆದೆ ಕಣ್ರೋ," ಎಂದ ಒನ್ನಿ ಕೊನೆಗೆ. "ಹೊಡೆದೆ, ತಪ್ಪಿತು. ಹೇಳೋಕೆ ನಾಚಿಕೆ ಆಯ್ತು."

ಬೇಟೆಮನೆಯ ಸೂರು ಹಾರಿಹೋಗುವಂತೆ ಇಬ್ಬರೂ ಕೇಕೆ ಹಾಕಿದರು. "ಅತ್ತಿಗೇ, ಕತ್ತರಿ! ಗೋಡೆಗೆ ಇವತ್ತು ಗೃಹಪ್ರವೇಶ!" ವಿಲ್ಹೋ ಕುಣಿದೇಬಿಟ್ಟ. "ಮೂತಿ ಮೇಲೆ ಹಿಮ ಅಂತೆ! ಹಾಲು ಕುಡಿದ ಹುಡುಗ ಅಂತೆ! ಏನು ಕತೆ ಕಟ್ದೆ ಅಣ್ಣ!"

ಒನ್ನಿ ತಾನೇ ಎದ್ದು ಬೆನ್ನು ಕೊಟ್ಟು ನಿಂತ. ಸೈಮಿ ಕೈ ಒರೆಸಿಕೊಂಡು ಕತ್ತರಿ ತಂದಳು. ಯಾರಿಗೂ ಕೊಡಲಿಲ್ಲ. ತಾನೇ ಅಂಗಿಯ ತುದಿ ಹಿಡಿದಳು. ಹಿಮದ ಮೂತಿಯ ಜಿಂಕೆ ನಿಜ. ಹೊಡೆಯಲು ಮನಸ್ಸು ಬರದಿದ್ದದ್ದೂ ನಿಜ. ಆದರೆ ಬೆರಳು ಸೋತಿತು ಎನ್ನುವುದಕ್ಕಿಂತ ಕಣ್ಣು ಸೋತಿತು ಎನ್ನುವುದೇ ಅವನಿಗೆ ಹಗುರವಾಗಿ ಕಂಡಿತ್ತು. ಗೋಡೆಯ ಮೇಲೆ ತನ್ನದೊಂದೂ ತುಂಡಿಲ್ಲದ ಇಷ್ಟು ವರ್ಷದ ಹೆಮ್ಮೆಯನ್ನು ಕೊಟ್ಟು ಅವನು ನಾಳೆಯ ಬೇಟೆಯನ್ನು ಉಳಿಸಿಕೊಂಡಿದ್ದ. ಕತ್ತರಿ ಬಟ್ಟೆಯ ಮೇಲೆ ಸರಿಯಿತು. ಅವಳು ಎಡ ಅಂಗೈಯನ್ನು ಅವನ ಬೆನ್ನ ಮೇಲೆ ಒಂದು ಗಳಿಗೆ ಇಟ್ಟಳು.

"ಒಳ್ಳೇ ಅಂಗಿ ಹಾಳಾಯ್ತು," ಎಂದ.

"ಅಂಗಿಗೇನು ಬರ," ಎಂದಳು.

ತುಂಡನ್ನು ಗೋಡೆಗೆ ಮೊಳೆ ಹೊಡೆದು, ನಗುತ್ತಲೇ ಮೂವರೂ ಸೌನಾ ಎಂಬ ಹಬೆಸ್ನಾನದ ಮನೆಯ ಒಲೆ ಹೊತ್ತಿಸಲು ಹೊರಟರು. ಬಾಗಿಲು ಮುಚ್ಚಿತು. ಕೋವಿ ಮೇಜಿನ ಮೇಲೇ ಉಳಿಯಿತು.

ವಿಲ್ಹೋಗೆ ಹೇಳಬಹುದಿತ್ತು. ವಿಲ್ಹೋ ಒಳ್ಳೆಯವನು, ಅಣ್ಣನ ಕೈಯಿಂದ ಕೋವಿಯನ್ನು ಪ್ರೀತಿಯಿಂದಲೇ ತೆಗೆದುಕೊಂಡು, ಅವನನ್ನು ಒಲೆಯ ಪಕ್ಕ ಕೂರಿಸಿಯಾನು. ಆ ಪ್ರೀತಿಯನ್ನು ಒನ್ನಿ ತಡೆದುಕೊಳ್ಳಲಾರ. ಡೆಲ್ಫಿಸನಂಥ ಗುಂಡಿಯ ಕೋವಿ ಕೊಳ್ಳು ಎಂದರೆ, ಏಕೆ ಎನ್ನುತ್ತಾನೆ. ಆ 'ಏಕೆ'ಗೆ ಇಬ್ಬರೂ ಉತ್ತರ ಹೇಳಿಕೊಳ್ಳಬೇಕಾಗುತ್ತದೆ.

ಅವಳು ಕೋವಿಯನ್ನು ಎತ್ತಿದಳು. ಮದುವೆಗೆ ಮುಂಚೆ ತನ್ನಪ್ಪನ ಜೊತೆ ಇಂಥದ್ದನ್ನೇ ಹಿಡಿದು ಓಡಾಡಿದವಳು. ಬಳೆ ತೆರೆದು ಒಳಗೆ ತೋಟಾ ಇಲ್ಲವೆಂದು ನೋಡಿ, ಮುಚ್ಚಿದಳು. ಕುದುರೆ ಎದ್ದು ನಿಂತಿತು. ಹೆಬ್ಬೆರಳಿಟ್ಟು, ಟ್ರಿಗರ್ ಒತ್ತಿ, ಮೆಲ್ಲಗೆ ಇಳಿಸಿದಳು. ಅರ್ಧದಲ್ಲಿ ಅದು ತೊಟ್ಟಿಲ ಕೂಸಿನಂತೆ ಸುಮ್ಮನೆ ಕೂತಿತು. ಇನ್ನೊಮ್ಮೆ ಮಾಡಿದಳು. ಮರೆತಿರಲಿಲ್ಲ.

ಜೌಗಿನ ಪಕ್ಕ ಒನ್ನಿ ಜಿಂಕೆಗೆ ಕಾದು ಕೂರುವ ಮರೆಯಲ್ಲಿ ಹಲಗೆ ಉದ್ದವಾಗಿದೆ, ಇಬ್ಬರು ಕೂರಬಹುದು. ಗಂಡಸರಿಗೆ ಬೇಯಿಸಿ ಹಾಕಿ ಸಾಕಾಯ್ತು, ನಾನೂ ಒಂದು ದಿನ ಕಾಡು ನೋಡ್ತೀನಿ ಎಂದರೆ ಯಾರು ಬೇಡವೆನ್ನುತ್ತಾರೆ? ಬೆಳಿಗ್ಗೆ ಅವನು ತೋಟಾ ಏರಿಸಿದಾಗ, ಕೊಡು ಇಲ್ಲಿ, ಕುದುರೆ ಮಲಗಿಸೋದು ನನಗೆ ಇನ್ನೂ ಬರ್ತದಾ ನೋಡೋಣ ಎನ್ನುವುದು. ಅಷ್ಟೇ. ಮುಂದಿನ ನವೆಂಬರಿಗೂ ಅಷ್ಟೇ.

"ಸೈಮೀ! ಟವೆಲು ಮರ್ತೆ!" ಹೊರಗಿನಿಂದ ಒನ್ನಿ ಕೂಗಿದ.

"ಮರೆಯೋದೇ ನಿನ್ನ ಕಸುಬು," ಎಂದು ಕೂಗಿ, ಕೋವಿಯನ್ನು ಇದ್ದ ಹಾಗೆಯೇ ಮಲಗಿಸಿ, ಅವಳು ಟವೆಲು ಹುಡುಕಲು ಹೋದಳು.