ಕಟ್ಟೆಯ ಮೇಲೆ ಬರೆದ ವರದಿ

"ವಕೀಲ್ರು ಯಶೋಧರಾ ಅವ್ರ ಮನಿ ಇದ ಏನ್ರಿ?"

ಅಂಗಳದಿಂದ ಬಂದ ದನಿ ಕೇಳಿ, ಒಳಗೆ ಅಕ್ಕಿ ಆರಿಸುತ್ತಿದ್ದ ಯಶೋಧರಾಳ ಕೈ ನಿಂತಿತು. ಆ ದನಿ ಹವಾಲ್ದಾರ ಮರಿಲಿಂಗಪ್ಪನದು. ಅವನು ತಮ್ಮೂರು ಭೀಮರಾಯನಗುಡಿಯ ಠಾಣೆಗೆ ವರ್ಗವಾಗಿ ಬಂದದ್ದೇ ಅವಳಿಗೆ ಗೊತ್ತಿರಲಿಲ್ಲ.

ಸಿವಿಲ್ ನ್ಯಾಯಾಧೀಶರ ಪರೀಕ್ಷೆ, ಸಂದರ್ಶನ ಎರಡೂ ದಾಟಿ ಅವಳು ಆಯ್ಕೆಯಾಗಿದ್ದಳು. ಉಳಿದದ್ದು ನಡತೆಯ ಬಗ್ಗೆ ಪೊಲೀಸರ ವರದಿ ಒಂದೇ. ಅದರಲ್ಲೊಂದು ಕೊಂಕು ಸಾಲು ಬಿದ್ದರೂ ನೇಮಕ ನೆನೆಗುದಿಗೆ ಬಿದ್ದಂತೆಯೇ. ಅದನ್ನು ಬರೆಯುವ ಕೆಲಸ ಹೋಗಿ ಹೋಗಿ ಇವನ ಕೈಗೇ ಬರಬೇಕೆ?

ಹಿಂದೊಮ್ಮೆ ಸುರಪುರದ ಕೋರ್ಟಿನಲ್ಲಿ ಭೀಮು ಎಂಬ ಕೂಲಿಯವನ ಮೇಲೆ ಪಂಪ್‌ಸೆಟ್ ಕಳವಿನ ಕೇಸಿತ್ತು. ಅವನ ಪರ ನಿಂತವಳು ಯಶೋಧರಾ. ಮರಿಲಿಂಗಪ್ಪ ಬಿಸಿಲಿಗೆ ಹೆದರಿ ಕಳವಾದ ಹೊಲಕ್ಕೇ ಹೋಗದೆ, ಠಾಣೆಯಲ್ಲಿ ಕುಳಿತು ಪಂಚನಾಮೆ ಬರೆದು ಪಂಚರ ಸಹಿ ಹಾಕಿಸಿಕೊಂಡಿದ್ದ. "ಬಾವಿ ಹೊಲದ ಯಾವ ದಿಕ್ಕಿಗಿತ್ತು?" ಎಂದು ಪಾಟೀಸವಾಲಿನಲ್ಲಿ ಅವಳು ಕೇಳಿದಳು. "ಪೂರ್ವಕ್ಕ," ಎಂದ ಧೈರ್ಯವಾಗಿ. ಆ ಹೊಲದಲ್ಲಿ ಬಾವಿಯೇ ಇರಲಿಲ್ಲ, ನೀರು ಕಾಲುವೆಯದು. ಕೋರ್ಟಿಗೆ ಕೋರ್ಟೇ ನಕ್ಕಿತು. ಭೀಮು ಬಿಡುಗಡೆಯಾದ, ಮರಿಲಿಂಗಪ್ಪನ ಮೇಲೆ ಇಲಾಖೆಯ ವಿಚಾರಣೆ ಬಿತ್ತು.

"ಒಳಗ ಬರ್ರಿ," ಎಂದಳು ತಾಯಿ ಲಾಲಮ್ಮ. "ಠಾಣಿಗೆ ಬಾ ಅಂದಿದ್ರ ಅಕೀನ ಬರ್ತಿದ್ಲಲ್ರಿ."

"ಠಾಣ್ಯಾಗ ಕೂತು ಬರ್ಯೂದು ಬಿಟ್ಟೀನವ್ವ," ಎಂದ ಮರಿಲಿಂಗಪ್ಪ, ಬಾಗಿಲಿಗೆ ಬಂದು ನಿಂತ ಯಶೋಧರಾಳ ಕಡೆ ನೋಡದೆಯೇ.

ಓಣಿಯ ಆ ತುದಿಯಿಂದ ಈ ತುದಿಯವರೆಗೆ ಮನೆ ಮನೆ ವಿಚಾರಿಸಿ ಬಂದು ಹೊರಗಿನ ಕಟ್ಟೆಯ ಮೇಲೆ ಕುಳಿತ. ಸಾಕ್ಷಿಯ ಸಹಿಗೆಂದು ಪಕ್ಕದ ಮನೆಯ ಅನ್ವರಬಿಯನ್ನು ಕರೆದ.

"ಈಕಿ ಮ್ಯಾಲ ನಿಂದೇನರ ತಕರಾರ ಅದ ಏನವ್ವ?"

"ಅದರಿ. ಕೋಳಿ ಕೂಗೂಕಿಂತ ಮೊದಲ ಎದ್ದು ಗಟ್ಟಿಯಾಗಿ ಓದತಾಳ. ಅರ್ಧ ಕಾಯ್ದೆ ನನಗ ಬಾಯಿಪಾಠ ಆಗ್ಯಾವ."

ಲಾಲಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಯಶೋಧರಾಳಿಗೆ ನಗು ಬರಲಿಲ್ಲ. ಮರಿಲಿಂಗಪ್ಪ ತಲೆ ತಗ್ಗಿಸಿ ಬಹಳ ಹೊತ್ತು ಬರೆಯುತ್ತಿದ್ದ. ಒಳ್ಳೆಯ ಮಾತಿಗೆ ಅಷ್ಟು ಹೊತ್ತು ಬೇಕೆ?

"ಓದಿ ಹೇಳ್ರಿ, ಆಮ್ಯಾಲ ಸಹಿ," ಎಂದಳು ಅನ್ವರಬಿ.

ಅವನು ಕೆಮ್ಮಿ ಓದಿದ: "ಇವರ ಮೇಲೆ ಯಾವುದೇ ಪ್ರಕರಣ ಇರುವುದಿಲ್ಲ. ಇವರು ವಕೀಲರಾಗಿ ನಾನು ಮಾಡಿದ ತಪ್ಪನ್ನು ನ್ಯಾಯಾಲಯಕ್ಕೆ ತೋರಿಸಿಕೊಟ್ಟಿದ್ದು, ಅದರಿಂದ ನಿರಪರಾಧಿಯೊಬ್ಬ ಬಿಡುಗಡೆಯಾಗಿರುತ್ತಾನೆ. ನಡತೆ ಉತ್ತಮ."

ಎಂಥ ಮನುಷ್ಯನ ಬಗ್ಗೆ ಏನೆಲ್ಲ ಎಣಿಸಿದ್ದೆನಲ್ಲ ಎಂದು ಯಶೋಧರಾಳಿಗೆ ನಾಚಿಕೆಯಾಯಿತು.

"ನಿಮ್ಮ ತಪ್ಪು ನೀವ ಯಾಕ ಬರದ್ರಿ ಹವಾಲ್ದಾರ್ರ? ಸಾಹೇಬ್ರು ಓದತಾರ."

"ಓದ್ಲಿ ಬಿಡ್ರಿ ಮೇಡಮ್. ಭೀಮು ಈಗ ಕಡೇಚೂರ ಕಾರ್ಖಾನ್ಯಾಗ ದುಡೀತಾನ, ಸಿಕ್ರ ನನಗ ಶರಣು ಅಂತಾನ. ನೀವು ಅವತ್ತ ಕೇಳದಿದ್ರ ಅಂವ ಜೇಲಿನ್ಯಾಗ ಇರ್ತಿದ್ದ, ನಾ ಮನ್ಯಾಗ ಆರಾಮ ನಿದ್ದಿ ಮಾಡ್ತಿದ್ದೆ. ಅದನ್ನ ನೆನಸಿದ್ರ ಅಂಜಿಕಿ ಬರ್ತದ್ರಿ."

ಅವಳು ಕೈ ಮುಗಿದಳು. ಅವನು ಆ ಕೈಗಳನ್ನು ನೋಡಲಾರದೆ ಟೋಪಿ ಹಾಕಿಕೊಂಡು ಎದ್ದ.

ಹೊರಗೆ ಅವನ ಹಳೆಯ ಬೈಕು ಎಷ್ಟು ಒದ್ದರೂ ಚಾಲೂ ಆಗಲಿಲ್ಲ. ಯಶೋಧರಾ ಸೆರಗು ಸಿಕ್ಕಿಸಿ ಹಿಂದೆ ಬಂದು ಕೈ ಹಚ್ಚಿದಳು.

"ಜಡ್ಜ್ ಆಗೋರು, ನೀವು ಬ್ಯಾಡ್ರಿ ಮೇಡಮ್."

"ಗೇರ್ ಹಾಕ್ರಿ," ಎಂದಳು ಅವಳು.

ಓಣಿಯ ಮಂದಿ ಬಾಗಿಲಿಗೆ ಬಂದು ನೋಡುತ್ತಿದ್ದರು. ಅವಳು ಚಪ್ಪಲಿ ಬಿಟ್ಟು, ಕಾಲುವೆಯ ರಸ್ತೆ ಸಿಗುವವರೆಗೂ ನೂಕುತ್ತ ಓಡಿದಳು.